ಬಾಗಿಲ ಸಂದಿಯಲ್ಲಿ ಹೇಳಿದ ಹೆಸರು

ಮುದುಕ ಬೋಧಕ ಏಮನ್ ತೀರಿಕೊಂಡಾಗ ನಾನು ಅತ್ತದ್ದು ಅವನಿಗಾಗಿ ಅಲ್ಲ. ಅವನದು ತುಂಬಿದ ಬಾಳು, ನೆಮ್ಮದಿಯ ಸಾವು. ಅವನ ಜಾಗಕ್ಕೆ ಇನ್ನೊಬ್ಬನನ್ನು ಆರಿಸಬೇಕಲ್ಲ, ಅದನ್ನು ನೆನೆದು ಅಳು ಬಂದಿತ್ತು. ನಮ್ಮ ಆಮಿಶ್ ಕ್ರೈಸ್ತರ ಸಭೆಯಲ್ಲಿ ಬೋಧಕನಾಗಲು ಯಾರೂ ಓದಿ ಬರುವುದಿಲ್ಲ, ಯಾರೂ ಕೇಳಿಕೊಳ್ಳುವುದಿಲ್ಲ. ಗಂಡಸರು ಹೆಂಗಸರು ಒಬ್ಬೊಬ್ಬರಾಗಿ ಹೋಗಿ, ಬಾಗಿಲ ಸಂದಿಯಲ್ಲಿ ಸಭೆಯ ಸೇವಕನಾದ ಡೀಕನ್‌ನ ಕಿವಿಗೆ ಒಂದು ಹೆಸರು ಪಿಸುಗುಟ್ಟುತ್ತೇವೆ. ಕಡಿಮೆಯೆಂದರೆ ಮೂರು ಬಾಯಲ್ಲಿ ಬಂದ ಹೆಸರುಗಳ ನಡುವೆ ಚೀಟಿ. ಚೀಟಿ ಬಿದ್ದವನು ಸಾಯುವವರೆಗೂ ಬೋಧಕ. ಸಂಬಳವಿಲ್ಲ, ಬೇಡ ಎನ್ನುವಂತಿಲ್ಲ, ಸಭೆ ಬಿಟ್ಟು ಬೇರೆ ಊರಿಗೆ ಹೋಗುವಂತೆಯೂ ಇಲ್ಲ.

ನಾವೋ ಹೊರಟು ನಿಂತಿದ್ದೆವು. ಒಹಾಯೊದ ಈ ಮನೆಯನ್ನು ನನ್ನ ಗಂಡ ಓಬೆಡ್ ತನ್ನ ತಮ್ಮನ ಮಗನಿಗೆ ಬಿಟ್ಟುಕೊಟ್ಟು, ನಮ್ಮ ಒಬ್ಬಳೇ ಮಗಳು ಲೊವೀನಾ ಇರುವ ದೂರದ ಮೊಂಟಾನಾಕ್ಕೆ ಹೋಗುವುದೆಂದು ಮಾತಾಗಿತ್ತು. ಎರಡು ಸಲ ಬಸಿರು ಕಳೆದುಕೊಂಡ ಹುಡುಗಿ ಮತ್ತೆ ಬಸುರಿ. ಅಮ್ಮ ಪಕ್ಕದಲ್ಲಿದ್ದರೆ ಈ ಸಲ ಉಳಿಯುತ್ತದೆ ಎಂದು ನಂಬಿ ಕೂತಿದ್ದಳು. ಅಳಿಯ ನಮಗೆಂದು ಎರಡು ಕೋಣೆಯ ಮನೆಯನ್ನೇ ಕಟ್ಟಿಸಿದ್ದ. ನಾನು ತಟ್ಟೆ ಬಟ್ಟಲುಗಳನ್ನೆಲ್ಲ ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದ್ದೆ.

ಏಮನ್‌ನನ್ನು ಮಣ್ಣು ಮಾಡಿದ ಮರುದಿನ ಹಿಟ್ಟು ನಾದುತ್ತಿದ್ದೆ. ಓಬೆಡ್‌ನ ಹೆಸರು ಹೇಳು ಅಂತ ಒಳಗಿನಿಂದ ಬಂತು. ಧ್ವನಿಯೇನೂ ಕೇಳಿಸಲಿಲ್ಲ. ಮರೆತ ಕೆಲಸವೊಂದು ತಟ್ಟನೆ ನೆನಪಾಗುತ್ತದಲ್ಲ, ಅಷ್ಟೇ. ಹುಚ್ಚು ಯೋಚನೆ ಎಂದು ತಳ್ಳಿಹಾಕಿದೆ. ಸಂಜೆ ಹಾಲು ಕರೆಯುವಾಗ ಮತ್ತೆ ಬಂತು. ಅಲ್ಲಿಂದ ಮುಂದೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಗೆದ ಚಾದರಗಳನ್ನೇ ಮತ್ತೆ ಒಗೆದೆ, ಬ್ರೆಡ್ ಸೀಯಿಸಿದೆ, ಕಟ್ಟಿಟ್ಟ ಪೆಟ್ಟಿಗೆ ಬಿಚ್ಚಿ ಮತ್ತೆ ಕಟ್ಟಿದೆ.

"ಏನೇ ಇದು, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದ ಓಬೆಡ್. "ಮೊಂಟಾನಾ ಎಲ್ಲೂ ಓಡಿಹೋಗಲ್ಲ, ಕೂತ್ಕೋ ಸಲೋಮಾ."

ಅವನಿಗೆ ಹೇಳಲು ನನ್ನ ಬಾಯೇ ಏಳಲಿಲ್ಲ. ದೇವರ ಹತ್ತಿರ ಮಾತ್ರ ಜಗಳಕ್ಕೆ ಬಿದ್ದೆ. ಮಾಹ್ಲನ್ ಇದ್ದಾನಲ್ಲ, ಅರ್ಧ ಬೈಬಲ್ ಬಾಯಿಪಾಠ, ಎದೆ ಮುಚ್ಚುವಷ್ಟು ಗಡ್ಡ, ಅವನು ನಿನ್ನ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದೆ. ಉತ್ತರ ನನಗೇ ಗೊತ್ತಿತ್ತು, ಅದೇ ಸಂಕಟ. ಪಕ್ಕದ ಮನೆಯವರ ಮಗು ಹುಲ್ಲಿನ ಗಾಡಿಯಡಿ ಸಿಕ್ಕಿ ಸತ್ತಾಗ ಮಾಹ್ಲನ್ ಹೋಗಿ ದೇವರ ಚಿತ್ತದ ಬಗ್ಗೆ ಗಂಟೆಗಟ್ಟಲೆ ಮಾತಾಡಿದ. ಓಬೆಡ್ ಯಾರನ್ನೂ ಕೇಳದೆ ಅವರ ಹಸುಗಳ ಹಾಲು ಕರೆದು, ಆ ತಂದೆಯ ಪಕ್ಕ ಸುಮ್ಮನೆ ಕೂತ. ವಾರವಿಡೀ ಹಾಗೇ ಹೋದ.

"ನಿನ್ನ ಗಂಡ ಬೋಧಕನಾದ್ರೆ ಸಭೆಗೆ ಸಭೆನೇ ನಗ್ತಾ ನಗ್ತಾ ಸ್ವರ್ಗಕ್ಕೆ ಹೋಗುತ್ತೆ ಬಿಡು," ಎಂದಳು ನಾದಿನಿ ಫ್ಯಾನಿ, ಒಂದು ಮಧ್ಯಾಹ್ನ ನನ್ನ ಜೊತೆ ಕೂತು ಬೀನ್ಸ್ ಮುರಿಯುತ್ತ.

"ಬಾಯಿ ಮುಚ್ಚೇ," ಎಂದೆ. ಅವಳು ತಮಾಷೆಗೆ ಹೇಳಿದ್ದಳು. ನಾನು ಅವಳ ಮೇಲೆ ಹಾಗೆ ಹರಿಹಾಯ್ದದ್ದು ಅವಳಿಗೂ ವಿಚಿತ್ರವೆನಿಸಿರಬೇಕು.

ಆರಿಸುವ ಭಾನುವಾರ ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನವಾಯಿತು, ಪದ್ಧತಿಯಂತೆ ಒಬ್ಬರ ಕಾಲನ್ನೊಬ್ಬರು ತೊಳೆದದ್ದೂ ಆಯಿತು. ಆಮೇಲೆ ಹೆಂಗಸರ ಸಾಲು ಆ ಬಾಗಿಲ ಕಡೆ ಸರಿಯತೊಡಗಿತು. ಮಾಹ್ಲನ್ ಅನ್ನುತ್ತೇನೆ, ಯಾರಿಗೆ ಗೊತ್ತಾಗುತ್ತದೆ ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತ ಹೋದೆ. ಸಂದಿಯಲ್ಲಿ ಡೀಕನ್‌ನ ನರೆಗೂದಲ ಕಿವಿ ಕಂಡಿತು. ಲೊವೀನಾ ಕಣ್ಣ ಮುಂದೆ ಬಂದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಬೇಡ ದೇವರೇ ಎಂದೆ. ನನ್ನೊಳಗಿನ ಆ ಮಾತು ಕದಲಲಿಲ್ಲ. ಹಿಂದಿನವಳು ಕೆಮ್ಮಿದಳು.

"ಓಬೆಡ್," ಎಂದೆ. ನನ್ನ ಧ್ವನಿ ನನಗೇ ಪರಕೀಯವಾಗಿತ್ತು.

ಒಂದು ಬಾಯಿಂದ ಏನಾಗುತ್ತದೆ, ಮೂರು ಬೇಕಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತ ಬೆಂಚಿಗೆ ಬಂದು ಕೂತೆ. ಸಭೆಯ ಮುಖ್ಯಸ್ಥರಾದ ಬಿಷಪ್ ಒಳಕೋಣೆಯಿಂದ ಹೊರಬಂದು ಹೆಸರುಗಳನ್ನು ಓದಿದರು. ಮಾಹ್ಲನ್, ಆಮೇಲೆ ಇನ್ನಿಬ್ಬರು, ಕೊನೆಗೆ ಓಬೆಡ್. ನನ್ನ ಗಂಡ ಅದು ತನ್ನ ಹೆಸರಲ್ಲವೆಂಬಂತೆ ಹಿಂದೆ ತಿರುಗಿ ನೋಡಿದ. ಮೇಜಿನ ಮೇಲೆ ಒಂದೇ ಥರದ ಕೀರ್ತನೆ ಪುಸ್ತಕಗಳಿದ್ದವು, ಒಂದರೊಳಗೆ ಚೀಟಿ. ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡರು. ಬಿಷಪ್ ಮಾಹ್ಲನ್‌ನ ಪುಸ್ತಕ ಬಿಡಿಸಿದರು, ಇರಲಿಲ್ಲ. ಉಳಿದಿಬ್ಬರದರಲ್ಲೂ ಇರಲಿಲ್ಲ. ಓಬೆಡ್‌ನದರಲ್ಲಿ ಚೀಟಿ ಇತ್ತು. ಅವನನ್ನು ಎಬ್ಬಿಸಿ ನಿಲ್ಲಿಸಿದಾಗ ಸಭೆಯೆಲ್ಲ ಅತ್ತಿತು. ನಮ್ಮಲ್ಲಿ ಬೋಧಕನಾದವನಿಗೆ ಯಾರೂ ಶುಭ ಕೋರುವುದಿಲ್ಲ.

ಅಷ್ಟು ದಿನದ ತಿವಿತ ನಿಂತಿತ್ತು. ದೇವರು ಹೇಳಿದ್ದನ್ನು ಮಾಡಿದರೆ ಶಾಂತಿ ಸಿಗುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೆ. ನನಗೆ ಸಿಗಲಿಲ್ಲ. ಕುದುರೆಗಾಡಿಯಲ್ಲಿ ಮನೆಗೆ ಬರುವಾಗ ಓಬೆಡ್ ಒಂದೇ ಮಾತಾಡಿದ, "ಲೊವೀನಾಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಮರುದಿನ ಬೆಳಿಗ್ಗೆ ರಸ್ತೆ ಬದಿಯ ಫೋನ್ ಗೂಡಿಗೆ ಹೋದೆವು. ಮನೆಯೊಳಗೆ ಫೋನ್ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ, ಸುತ್ತಿನ ಮನೆಗಳಿಗೆಲ್ಲ ಇರುವುದು ಅದೊಂದೇ. ಒಳಗೆ ಒಬ್ಬರಿಗೇ ಜಾಗ, ಓಬೆಡ್ ತೆರೆದ ಬಾಗಿಲು ಹಿಡಿದು ಹೊರಗೆ ನಿಂತ.

"ಅಮ್ಮಾ, ಯಾವತ್ತು ಹೊರಡ್ತೀರಿ? ನಿಮ್ಮ ಮನೆಗೆ ಒಲೆ ಕೂಡ ಬಂತು."

"ಬರೋಕಾಗಲ್ಲ ಮಗಳೇ. ಅಪ್ಪನಿಗೆ ಚೀಟಿ ಬಿತ್ತು."

ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಅಳತೊಡಗಿದಳು. "ನೀವು ಹೊರಟಿರೋದು ಎಲ್ರಿಗೂ ಗೊತ್ತಿತ್ತು. ನನ್ನ ಸ್ಥಿತಿನೂ ಗೊತ್ತಿತ್ತು. ಗೊತ್ತಿದ್ದೂ ಅಪ್ಪನ ಹೆಸರು ಹೇಳೋಕೆ ಯಾರಿಗಮ್ಮ ಮನಸ್ಸು ಬಂತು? ಅವ್ರೇನು ಮಕ್ಕಳನ್ನ ಹೆತ್ತಿಲ್ವಾ?"

ಯಾರ ಹೆಸರು ಹೇಳಿದೆನೆಂದು ಹೊರಗೆಡಹಬಾರದು ಎಂಬುದು ನಮ್ಮಲ್ಲಿ ಕಟ್ಟಳೆ. ಅದರ ಮರೆಯಲ್ಲಿ ನಾನು ಬದುಕಿಡೀ ಅಡಗಿರಬಹುದಿತ್ತು. ಆದರೆ ಮಗಳು ಊರವರನ್ನೆಲ್ಲ ಶಪಿಸುತ್ತಿದ್ದಳು, ನಾನು ಕೇಳುತ್ತ ನಿಂತಿದ್ದೆ.

"ನಾನು," ಎಂದೆ. "ನಾನು ಹೇಳಿದೆ ಲೊವೀನಾ. ಹೇಳು ಅಂತ ಒಳಗಿಂದ ಬಂತು, ಹೇಳಿದೆ."

 ಅವಳು ಫೋನ್ ಇಟ್ಟುಬಿಟ್ಟಳು.

ನಾನು ಹೊರಗೆ ಬಂದೆ. ಓಬೆಡ್ ಬಾಗಿಲು ಹಿಡಿದೇ ಇದ್ದ. ನನ್ನ ಮುಖ ನೋಡಲಿಲ್ಲ.

"ಮೂರು ಜನ ಹೇಳ್ಬೇಕು ಅಲ್ವಾ?" ಎಂದ.

"ಹೂಂ."

"ಉಳಿದ ಇಬ್ರು ಯಾರು?"

"ನನಗೆ ಗೊತ್ತಿಲ್ಲ ಓಬೆಡ್."

ಅವನು ಬಾಗಿಲನ್ನು ನಿಧಾನವಾಗಿ ಮುಚ್ಚಿ ಚಿಲಕ ಹಾಕಿದ.

"ಯಾರಾದ್ರೂ ಆಗ್ಲಿ," ಎಂದ. "ಆ ಇಬ್ರ ಮೇಲೆ ನನಗೆ ಸಿಟ್ಟಿಲ್ಲ."