ತಲೆಯ ಭಾರ

ಫ್ಯಾನಿನ ಒಂದು ರೆಕ್ಕೆ ತುಸು ಬಗ್ಗಿದೆ, ಸುತ್ತು ಸುತ್ತಿಗೂ ಕಿಸಕ್ ಕಿಸಕ್ ಅನ್ನುತ್ತದೆ, ಕಣ್ಣು ಮುಚ್ಚಿ ಎಂದರಲ್ಲ ಮೇಡಂ, ಮುಚ್ಚಿದ್ದೇನೆ, ಆದರೂ ರೆಪ್ಪೆಯ ಒಳಗಡೆ ಅದು ತಿರುಗುತ್ತಲೇ ಇದೆ — ಹಿಮ್ಮಡಿ ಬಿಡಿ, ಮೀನಖಂಡ ಬಿಡಿ, ಮಂಡಿ ಹಿಂದೆ ಇರೋ ಗಾಳಿನೂ ಬಿಡಿ — ಮೇಡಂ ದನಿ ಕೋಣೆಯ ಆ ತುದಿಯಿಂದ ಈ ತುದಿಗೆ ಬರಿಗಾಲಲ್ಲಿ ನಡೆದು ಬರುತ್ತಿದೆ, ಹಿಮ್ಮಡಿ ಬಿಟ್ಟೆ, ಮೀನಖಂಡ ಬಿಟ್ಟೆ, ಮಂಡಿ ಹಿಂದಿನ ಗಾಳಿಯನ್ನು ಬಿಡುವುದು ಹೇಗೋ ತಿಳಿಯದು, ಬಿಟ್ಟೆ ಅಂದುಕೊಂಡೆ, ಪಕ್ಕದ ಚಾಪೆಯಲ್ಲಿ ಗೊರಕೆ ಆಗಲೇ ಗೊರಕೆ ಹೊಡೆಯುತ್ತಿದ್ದಾನೆ, ನಟನೆಯ ಶಾಲೆಗೆ ಸೇರಿದ ಮೊದಲ ವಾರವೇ ಇದೇ ಪಾಠದಲ್ಲಿ ನಿದ್ದೆಹೋಗಿ ಆ ಹೆಸರು ಸಂಪಾದಿಸಿದ, ಪುಣ್ಯವಂತ, ಹಾಸಿಗೆ ಕಂಡರೆ ಸಾಕು ಅವನಿಗೆ, ಕಾಣದಿದ್ದರೂ ಸಾಕು, ನನ್ನ ದವಡೆ ಮಾತ್ರ ಕಚ್ಚಿಕೊಂಡಿದೆ, ಕಚ್ಚಿಕೊಂಡಿದೆ ಎಂದು ತಿಳಿದ ಕೂಡಲೇ ಇನ್ನೂ ಬಿಗಿಯಾಗುತ್ತದೆ, ಇವತ್ತು ಬಿಡದಿದ್ದರೆ ಮುಗಿಯಿತು, ನಿನ್ನೆಯೇ ಹೇಳಿದ್ದಾರೆ, ನಾಳೆ ಒಂದ್ಸಲ ನೋಡ್ತೀನಪ್ಪ, ಆಗಲಿಲ್ಲ ಅಂದ್ರೆ ಪಾತ್ರ ಗೊರಕೆಗೆ ಕೊಟ್ಟುಬಿಡ್ತೀನಿ, ಬೇಜಾರು ಮಾಡ್ಕೋಬೇಡ — ಪಾತ್ರವೆಂದರೆ ದೋಣಿಯವನು, ಮೊದಲ ಅಂಕವೆಲ್ಲ ಊರವರ ಬಾಯಿ ಮುಚ್ಚಿಸುವಷ್ಟು ಮಾತಾಡಿ ಕೊನೆಗೆ ಹೊಳೆಗೆ ಬೀಳುವವನು, ಎರಡನೆಯ ಅಂಕ ಶುರುವಾಗುವುದೇ ನಾಲ್ವರು ಅವನನ್ನು ಎತ್ತಿಕೊಂಡು ಬರುವುದರಿಂದ, ಉಸಿರಿದೆ, ಎಚ್ಚರವಿಲ್ಲ, ಕೈಕಾಲು ಜೋತಾಡಬೇಕು, ತಲೆ ಹಿಂದಕ್ಕೆ ಬೀಳಬೇಕು, ಮಾತಿನ ಭಾಗ ನನಗೆ ನೀರು ಕುಡಿದಷ್ಟು ಸಲೀಸು, ಎತ್ತಿಕೊಂಡ ಗಳಿಗೆಯಿಂದ ಮರದ ಹಲಗೆ, ಕುತ್ತಿಗೆ ನೆಟ್ಟಗೆ ನಿಂತುಬಿಡುತ್ತದೆ, ಎತ್ತುವವರಿಗೆ ನಾನೇ ಕೈಜೋಡಿಸುತ್ತಿದ್ದೇನಂತೆ, ಇಸ್ತ್ರಿ ಹಾಕಿಸಿದ ಹೆಣ ಕಣೋ ನೀನು ಅಂದ ಗೊರಕೆ, ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಎಚ್ಚರ ತಪ್ಪಿದ ಮೈ ಹೇಗಿರುತ್ತದೆಂದು ಈ ಕೋಣೆಯಲ್ಲಿ ನನಗಿಂತ ಬಲ್ಲವರು ಯಾರಿದ್ದಾರೆ, ಅದರ ಬಿಸಿ ಗೊತ್ತು, ಅದರ ಜೊಲ್ಲು ಗೊತ್ತು, ಅದರ ತಲೆ ಎಷ್ಟು ಭಾರವೆಂದು ಈ ಎರಡು ಅಂಗೈಗೆ ಗೊತ್ತು.

ಅಕ್ಕ ಮೊದಲ ಸಲ ಬಿದ್ದಾಗ ನನಗಿನ್ನೂ ಹಾಲುಹಲ್ಲು ಉದುರುತ್ತಿದ್ದ ವಯಸ್ಸು, ಬಟ್ಟೆ ಹಿಂಡುತ್ತಿದ್ದವಳು ಹಿಂಡುತ್ತಿದ್ದ ಹಾಗೇ ಬಿದ್ದಳು, ಸಿಮೆಂಟಿಗೆ ತಲೆ ಬಡಿದ ಸದ್ದು, ಮತ್ತೆ ಮತ್ತೆ ಬಡಿದ ಸದ್ದು, ನಾನು ಒದ್ದೆ ಟವೆಲ್ಲಿನ ಒಂದು ತುದಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ — ಫಿಟ್ಸ್ ಅಂದರು ಡಾಕ್ಟರು, ಕೈಕಾಲು ಒತ್ತಿ ಹಿಡಿಯೋಕೆ ಹೋಗ್ಬೇಡಿ, ಮಗ್ಗುಲಿಗೆ ತಿರುಗಿಸಿ, ತಲೆ ನೆಲಕ್ಕೆ ಬಡೀದೇ ಇರೋ ಹಾಗೆ ನೋಡ್ಕೊಳ್ಳಿ, ಅಮ್ಮ ನನ್ನ ಕಡೆ ತಿರುಗಿದಳು, ಕೇಳಿಸ್ಕೊಂಡ್ಯಾ ಪುಟ್ಟ, ಅಮ್ಮನಿಗೆ ಹಗಲೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ಅಪ್ಪ ಲಾರಿ ಹತ್ತಿದರೆ ಯಾವಾಗ ಇಳಿದಾನೋ, ಮನೆಯಲ್ಲಿ ಉಳಿಯುವವನು ನಾನೊಬ್ಬನೇ, ಕೇಳಿಸಿಕೊಂಡೆ, ಅಂದಿನಿಂದ ಅವಳು ಬೀಳುವ ಮೊದಲೇ ನನಗೆ ತಿಳಿಯುತ್ತಿತ್ತು, ಮಾತಿನ ನಡುವೆ ಒಂದು ಅಕ್ಷರ ನುಂಗಿದರೆ ಸಾಕು, ಪಾಠದ ಪುಸ್ತಕ ಎಸೆದು ಓಡುತ್ತಿದ್ದೆ, ನೆಲಕ್ಕೂ ತಲೆಗೂ ನಡುವೆ ನನ್ನ ಅಂಗೈ ಇರುತ್ತಿತ್ತು, ಬೆರಳ ಗೆಣ್ಣು ಸುಲಿದುಹೋಗುತ್ತಿತ್ತು, ಆಮೇಲೆ ಅವಳು ನಿದ್ದೆಯಿಂದ ಎದ್ದವಳ ಹಾಗೆ ಕಣ್ಣು ಬಿಟ್ಟು ನನ್ನ ಕೈ ನೋಡಿ, ನೋವಾಯ್ತೇನೋ, ಅನ್ನುತ್ತಿದ್ದಳು, ಇಲ್ಲಕ್ಕ — ಭುಜ ಬಿಡಿ, ಮೊಣಕೈ ಬಿಡಿ, ಅಂಗೈ ಮೇಲೆ ಮಾಡಿ, ಬೆರಳು ತಾವಾಗೇ ಬಿಚ್ಚಿಕೊಳ್ಳಲಿ — ಬಿಚ್ಚಿಕೊಳ್ಳುವುದಿಲ್ಲ ಮೇಡಂ, ಬಟ್ಟಲಿನ ಹಾಗೆ ಬಾಗಿಯೇ ಇರುತ್ತವೆ, ಹೊಸ ಮಾತ್ರೆ ಶುರುವಾದ ಮೇಲೆ ಅವಳು ಒಂದು ಸಲವೂ ಬಿದ್ದಿಲ್ಲ, ಕಳೆದ ಮಳೆಗಾಲಕ್ಕೂ ಹಿಂದಿನ ಮಾತು ಅದು, ಕಾಯಿಲೆ ಅವಳನ್ನು ಬಿಟ್ಟಿತು, ನನ್ನ ಕೈಗೆ ಆ ಸುದ್ದಿ ಇನ್ನೂ ತಲುಪಿಲ್ಲ, ಮೊನ್ನೆ ಕನ್ನಡಕದ ಅಂಗಡಿಯವರು ಮನೆಗೆ ಬಂದಿದ್ದರು, ಅಕ್ಕನನ್ನು ಕೆಲಸಕ್ಕೆ ಕರೆಯಲು, ಒಳ್ಳೆಯ ಹೆಂಗಸು, ಟೀ ಕುಡಿಯುತ್ತಾ ಕೂತಿದ್ದರು, ಅಕ್ಕನ ಕೈಯಿಂದ ಚಮಚ ಜಾರಿತು, ಎತ್ತಿಕೊಳ್ಳಲು ಅವಳು ಬಗ್ಗಿದಳು, ಅಷ್ಟೇ ಆದದ್ದು, ನಾನು ಮೇಜಿನ ಮೇಲಿಂದ ಹಾರಿದ್ದೆ, ಟೀ ಅವರ ಮಡಿಲಿಗೆ, ಅಕ್ಕನ ತಲೆ ನನ್ನ ಅಂಗೈಯಲ್ಲಿ, ಅವಳ ಕಣ್ಣು ಅಗಲವಾಗಿ ತೆರೆದಿತ್ತು, ಪೂರ್ತಿ ಎಚ್ಚರದಲ್ಲಿತ್ತು, ಬಿಡೋ, ಬಿದ್ದಿದ್ದು ಚಮಚ — ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ, ನನ್ನ ಕಡೆ ತಿರುಗದೆ ಅಕ್ಕ ಅಂದಳು, ನೀನು ನೋಡ್ತಾನೇ ಇರ್ತೀಯಲ್ಲ, ಈಗ ಅದೇ ನನಗೆ ಕಾಯಿಲೆ, ನಗೋಕೆ ಹೆದರಿಕೆ, ಬಗ್ಗೋಕೆ ಹೆದರಿಕೆ, ಬಿದ್ರೆ ಬೀಳ್ತೀನಿ ಬಿಡೋ, ಅವಳು ತೊಳೆದಿಟ್ಟ ಲೋಟ ಒರೆಸಿಟ್ಟೆ, ಒರೆಸುವಾಗಲೂ ನನ್ನ ಕಣ್ಣು ಅವಳ ಮೇಲೇ ಇತ್ತು, ಆ ಮಾತು ದವಡೆಯಲ್ಲೇ ಕೂತಿದೆ ಈಗ.

ತಲೆ ಹತ್ತಿರ ಚಾಪೆ ಕುಸಿಯಿತು, ಮೇಡಂ ಮಂಡಿಯೂರಿದರು, ನಿನ್ನ ತಲೆ ಎತ್ಕೊಳ್ತೀನಿ, ನೀನು ಎತ್ತಿ ಕೊಡಬೇಡ, ಎರಡು ಕೈ ಕೂದಲೊಳಗೆ ಬಂದವು, ತಣ್ಣಗಿವೆ, ತಲೆ ನೆಲ ಬಿಟ್ಟಿತು, ಕುತ್ತಿಗೆ ಮರದ ತುಂಡಾಯಿತು, ನೀನೇ ಎತ್ತಿದೆ, ಇಲ್ಲ ಮೇಡಂ, ಎತ್ತಿದೆ ಕಣಪ್ಪ, ನನ್ನ ಕೈ ಖಾಲಿ ಇದೆ, ನನ್ನ ಕೈ ನೋಯೋ ಹಾಗೆ ಮಾಡು ನೋಡೋಣ, ಅವಸರ ಇಲ್ಲ — ಯಾರೂ ಹೀಗೆ ಹಿಡಿದಿಲ್ಲ ನನ್ನ ತಲೆಯನ್ನು, ಹಿಡಿಯುವವನು ನಾನು, ಅಡಿಯಲ್ಲಿರುವ ಕೈ ನನ್ನದು, ಮೇಲಿರುವ ತಲೆಗೆ ಹೇಗನ್ನಿಸುತ್ತದೆಂದು ಅಕ್ಕನನ್ನು ಒಮ್ಮೆಯೂ ಕೇಳಲಿಲ್ಲ, ಅವರ ಹೆಬ್ಬೆರಳು ಕಿವಿಯ ಹಿಂದೆ, ಉಸಿರು ಹೊರಗೆ ಬಿಡು, ಇನ್ನೂ, ಇನ್ನೂ ಇದೆ ಒಳಗೆ, ಅದನ್ನೂ ಬಿಡು, ಅಲ್ಲೇ ಎಲ್ಲೋ ಬುರುಡೆಯ ಬುಡದಲ್ಲಿ ಬಿಗಿದ ಹಗ್ಗವೊಂದು ಎಳೆ ಎಳೆಯಾಗಿ ಬಿಚ್ಚಿತು, ನಾನು ಬಿಚ್ಚಿದ್ದಲ್ಲ, ತಲೆ ಹೋಯಿತು, ತುಂಬಿದ ಕೊಡದ ಹಾಗೆ ಇಳಿಯಿತು, ಅವರ ಮಣಿಕಟ್ಟು ಕುಸಿದು ಮತ್ತೆ ನಿಂತಿತು, ಹ್ಞಾ, ಬಂತು ನೋಡು, ಎಷ್ಟು ಭಾರ ಮಾರಾಯ, ನಾಳೆಯಿಂದ ನೀನೇ ದೋಣಿಯವನು — ಸಂತೋಷವಾಗಬೇಕು, ಕಣ್ಣ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿದೆ, ಬೆರಳು ಬಿಚ್ಚಿಕೊಂಡಿವೆ, ಬಿಚ್ಚಿದ ಅಂಗೈಗೆ ಫ್ಯಾನಿನ ಗಾಳಿ ತಗಲುತ್ತಿದೆ, ಬರೀ ಗಾಳಿ, ಹಾಗಾದರೆ ಈಗ ಅಕ್ಕನ ತಲೆಯಡಿ ಯಾರ ಕೈಯಿದೆ, ಅಕ್ಕ ಇವತ್ತು ಮೊದಲ ಸಲ ಒಬ್ಬಳೇ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋದಳು, ಸ್ಟಾಪಿನ ತನಕವೂ ಬರಕೂಡದು ಅಂದಿದ್ದಳು, ಬಂದರೆ ನನ್ನಾಣೆ, ಹೋಗಿದ್ದೆ, ಔಷಧಿ ಅಂಗಡಿಯ ಕಂಬದ ಮರೆಯಲ್ಲಿ ನಿಂತಿದ್ದೆ, ಬಸ್ಸು ತುಂಬಿ ತುಳುಕುತ್ತಿತ್ತು, ಸೀಟಿರಲಿಲ್ಲ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೇಲಿನ ಕಂಬಿ, ಬಸ್ಸು ಹೊರಟಿತು, ಆಗ ಅವಳು ಬಗ್ಗಿ ಕಿಟಕಿಯಿಂದ ನೋಡಿದಳು, ಕಂಬದ ಮರೆಯ ನನ್ನನ್ನೇ ನೋಡಿದಳು, ಬೈಯುತ್ತಾಳೆ ಅಂದುಕೊಂಡೆ, ನಕ್ಕಳು, ನಕ್ಕು ಕೈ ಬೀಸಲೆಂದು ಕಂಬಿ ಬಿಟ್ಟಳು, ಬಸ್ಸು ಕುಲುಕಿ ತಿರುವಿಗೆ ಹೊರಳಿತು, ಹಿಡಿದುಕೊಂಡಳೋ ಇಲ್ಲವೋ, ಬಸ್ಸಿನ ಬೆನ್ನಷ್ಟೇ ಕಂಡದ್ದು — ನಿಧಾನಕ್ಕೆ ಒಂದು ಮಗ್ಗುಲಿಗೆ ಹೊರಳಿ ಏಳಿ, ಮೇಡಂ ಎಲ್ಲರಿಗೂ ಹೇಳುತ್ತಿದ್ದಾರೆ, ಗೊರಕೆ ಆಕಳಿಸುತ್ತಾ ಎದ್ದು ಕೂತ, ಏನೋ, ಸಿಕ್ತಂತಲ್ಲ ನಿಂಗೆ, ಹ್ಞೂಂ, ಏಳಬೇಕು, ಮಗ್ಗುಲಿಗೆ ಹೊರಳಬೇಕು, ಬಸ್ಸು ಹೊರಟಿತು, ಅವಳು ಬಗ್ಗಿದಳು, ನಕ್ಕಳು, ಕಂಬಿ ಬಿಟ್ಟಳು, ಆಮೇಲೆ, ಆಮೇಲೆ ಹಿಡಿದಿರುತ್ತಾಳೆ, ಎಲ್ಲರೂ ಹಿಡಿಯುತ್ತಾರೆ, ಬಸ್ಸು ಹೊರಟಿತು, ನಕ್ಕಳು, ಕಂಬಿಯಿಂದ ಬಿಟ್ಟ ಕೈ, ಬೆರಳು ಅಗಲಿಸಿ, ಮೇಲೆ, ಏನನ್ನೂ ಹಿಡಿಯದೆ, ನನ್ನ ಈ ಅಂಗೈಯ ಹಾಗೇ ಬಿಚ್ಚಿಕೊಂಡು, ಆ ಕೈ