ಹನ್ನೊಂದು ನಿಮಿಷದ ನಿದ್ದೆ

"ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ... ಆಂ, ಹಾಗೇ ಇರಿ!" ಎಂದುಬಿಟ್ಟರು ಫೋಟೋ ಸ್ಟುಡಿಯೋದವರು.

ಮೆಟ್ಟಿಲ ತಿರುವಿನಲ್ಲಿ ಹೆಣ ಹೊತ್ತಿದ್ದ ನಾಲ್ವರೂ ಗಕ್ಕನೆ ನಿಂತರು. ಕಿಟಕಿಯ ಬಿಸಿಲು ಬಿಳಿ ಹೊದಿಕೆಯ ಮೇಲೆ ಹಾಲು ಚೆಲ್ಲಿದಂತೆ ಬಿದ್ದಿತ್ತು. ಯಾಕೆ ನಿಂತೆವೆಂದು ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ.

"ಇಲ್ಲೂ ನಿಮ್ಮ ಶೂಟಿಂಗಾ?" ಮೇಲಿನಿಂದ ಸತ್ತ ಟೈಲರಮ್ಮನ ತಂಗಿ ಗದರಿದಳು.

"ತಪ್ಪಾಯ್ತಮ್ಮ. ಅಭ್ಯಾಸ, ಬಾಯಿಗೆ ಬಂದುಬಿಡ್ತು."

"ಟೈಲರಮ್ಮ ಇದ್ದಿದ್ರೆ ಇನ್ನೊಂದು ಸಲ ಇಳಿಸಿ ಅಂತಿದ್ರು," ಎಂದರು ಹಿಂದೆ ಹೆಗಲು ಕೊಟ್ಟಿದ್ದ ಔಷಧಿ ಅಂಗಡಿಯವರು. ತಂಗಿಗೆ ಅಳುವಿನ ನಡುವೆಯೇ ನಗು ಬಂತು. ಮುಖ ಆಚೆ ತಿರುಗಿಸಿದಳು.

ಟೈಲರಮ್ಮ ಮೂವತ್ತು ವರ್ಷ ಈ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಊರವರ ಬಟ್ಟೆ ಹೊಲಿದವಳು. ಐವತ್ತೊಂಬತ್ತನೇ ವಯಸ್ಸಿನಲ್ಲಿ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊಂಡು ಸಿನಿಮಾದ ಹುಚ್ಚು ಹಚ್ಚಿಕೊಂಡಳು. ತೆಗೆದದ್ದು ಒಂದೇ ಚಿತ್ರ.

ಸ್ಮಶಾನದ ಗಾಡಿಯಲ್ಲಿ ಅವಳ ಗಂಡ, ನಿವೃತ್ತ ಬಸ್ ಡ್ರೈವರ್, ಡ್ರಾಯಿಂಗ್ ಮೇಷ್ಟ್ರ ಪಕ್ಕ ಕೂತರು.

"ಮೇಷ್ಟ್ರೇ, ಅವಳ ಪಿಕ್ಚರ್ ನಿಮ್ಮ ಹತ್ರ ಇದೆ ಅಲ್ವಾ? ಸಂಜೆ ಹಾಕ್ತೀರಾ? ಇಷ್ಟು ದಿನ ನಾಚಿಕೆ ನನಗೆ. ನಾನು ಮಲಗಿರೋದನ್ನ ನಾನೇ ಏನು ನೋಡೋದು ಅಂತ."

"ಅದಕ್ಕೇನಂತೆ, ಹಾಕೋಣ."

"ಅದರಲ್ಲಿ ಅವಳ ಮಾತಿದೆ. ರಾತ್ರಿಯೆಲ್ಲ ಫೋನ್ ಹುಡುಕಿದೆ. ಬರೀ ಕಾಲರ್ ಫೋಟೋ, ತೋಳಿನ ಫೋಟೋ. ಅವಳ ದನಿ ಎಲ್ಲೂ ಇಲ್ಲ."

ಮೇಷ್ಟ್ರು ಕಿಟಕಿಯಾಚೆ ನೋಡತೊಡಗಿದರು. ಹಿಂದಕ್ಕೆ ಓಡುತ್ತಿದ್ದ ಮರಗಳು ಯಾವುದೋ ಕನಸಿನಲ್ಲಿದ್ದಂತೆ ಕಂಡವು.

*

ಭಾನುವಾರಗಳಂದು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಏಳೆಂಟು ಜನ ಸೇರುತ್ತಿದ್ದರು. ತಾವು ತೆಗೆದ ಪುಟ್ಟ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸುವುದು, ಆಮೇಲೆ ಒಬ್ಬೊಬ್ಬರಾಗಿ ತಪ್ಪು ಹೇಳುವುದು. ಎಲ್ಲರ ಮಾತು ಮುಗಿಯುವ ತನಕ ಚಿತ್ರ ತೆಗೆದವರು ಉಸಿರೆತ್ತಬಾರದು. ಅದು ಅಲ್ಲಿಯ ಕಟ್ಟುನಿಟ್ಟಿನ ನಿಯಮ.

ತನ್ನ ಸರದಿಯ ದಿನ ಟೈಲರಮ್ಮ ಗಿರಾಕಿಗಳ ಅಳತೆ ಬರೆಯುವ ಪುಸ್ತಕ ತೆರೆದು, ಪೆನ್ಸಿಲ್ ಹಿಡಿದು ಕೂತಳು.

"ಹನ್ನೊಂದು ನಿಮಿಷ ಒಬ್ಬ ಮನುಷ್ಯ ಕುರ್ಚಿ ಮೇಲೆ ಮಲಗಿದಾನೆ. ಈಗ ಎದ್ದಾನು, ಆಗ ಎದ್ದಾನು ಅಂತ ಕಾದೆ. ಕೊನೆಗೆ ನನಗೇ ಜೊಂಪು ಹತ್ತಿತು," ಎಂದರು ಔಷಧಿ ಅಂಗಡಿಯವರು.

"ಕಿಟಕಿ ಪರದೆ ಹಾರೋದು, ಮುಖದ ಮೇಲೆ ನೆರಳು ಬಂದುಹೋಗೋದು, ಅದು ಭೇಷಾಗಿದೆ," ಎಂದರು ಸ್ಟುಡಿಯೋದವರು.

ಮೇಷ್ಟ್ರು ಕೊನೆಗೆ ಹೇಳಿದ್ದರು: "ಕ್ಯಾಮೆರಾ ಹಿಂದೆ ನೀವು ಏನೋ ಪಿಸುಗುಡ್ತೀರಿ. ಒಂದಕ್ಷರ ತಿಳಿಯಲ್ಲ. ಆ ಸದ್ದು ತೆಗೆದುಬಿಟ್ರೆ ಒಳ್ಳೇ ಕನಸಿನ ಹಾಗಾಗುತ್ತೆ."

ಉಳಿದವರೂ ತಲೆಯಾಡಿಸಿದರು. ಟೈಲರಮ್ಮ ಎಲ್ಲವನ್ನೂ ಬರೆದುಕೊಂಡಳು. ಮಾತಾಡುವ ಸರದಿ ಬಂದಾಗ ಪುಸ್ತಕ ಮುಚ್ಚಿದಳು.

"ಹಾಕ್ಕೊಳ್ಳೋರು ಬಿಗಿ ಅಂದ್ಮೇಲೆ ಬಿಗಿಯೇ. ತೆಗೀರಿ ಮೇಷ್ಟ್ರೇ."

ಮೇಷ್ಟ್ರು ತಮ್ಮ ಕಂಪ್ಯೂಟರಿನಲ್ಲಿ ಸದ್ದು ತೆಗೆದರು. ಜಾಗ ಸಾಲದೆಂದು ಮೂಲವನ್ನೂ ಅಳಿಸಿದರು. ಮುಂದಿನ ಭಾನುವಾರ ಎಲ್ಲರೂ ಚಪ್ಪಾಳೆ ತಟ್ಟಿದರು. ಟೈಲರಮ್ಮನೂ ತಟ್ಟಿದಳು.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಇಳಿಹೊತ್ತು. ಸ್ಟುಡಿಯೋದವರು ಪ್ರೊಜೆಕ್ಟರ್ ಜೋಡಿಸಿದರು. ಔಷಧಿ ಅಂಗಡಿಯವರು ಕಿಟಕಿಗೆ ಕಂಬಳಿ ಕಟ್ಟಿದರು. ಮೇಷ್ಟ್ರು ಡ್ರೈವರ್ ಮುಂದೆ ಬಂದು ನಿಂತರು.

"ಯಜಮಾನ್ರೇ, ಇದರಲ್ಲಿ ಮಾತಿಲ್ಲ. ನಾವೇ ಬೇಡ ಅಂದ್ವಿ. ತೆಗೆದವನು ನಾನು. ಮೊದಲಿನದೂ ಉಳಿದಿಲ್ಲ, ಅಳಿಸಿಬಿಟ್ಟೆ."

ಡ್ರೈವರ್ ತಮ್ಮ ಅಂಗೈ ನೋಡಿಕೊಂಡರು.

"ಅವಳು ಒಪ್ಪಿದಳಾ?"

"ಒಪ್ಪಿದರು."

"ಹಾಗಾದ್ರೆ ಹಾಕಿ."

ಗೋಡೆಯ ಮೇಲೆ ಒಂದು ಮಧ್ಯಾಹ್ನ ಮೂಡಿತು. ಪರದೆ ಉಬ್ಬಿ ಇಳಿಯಿತು. ಕುರ್ಚಿಯಲ್ಲಿ ಕತ್ತು ವಾಲಿಸಿ ಮಲಗಿದ ಮನುಷ್ಯನ ಕೆನ್ನೆಯ ಮೇಲೆ ನೆರಳು ಈಜಿತು. ಸದ್ದಿಲ್ಲದ ಆ ಬೆಳಕು ಕೂತವರ ಮುಖಗಳಿಗೂ ಮೆತ್ತಿಕೊಂಡಿತು.

"ಇಲ್ಲಿ," ಎಂದರು ಡ್ರೈವರ್ ಇದ್ದಕ್ಕಿದ್ದಂತೆ. "ಇಲ್ಲಿ ಅವಳು, 'ಗೊರಕೆ ನಿಂತೋಯ್ತಲ್ಲ, ಎಚ್ಚರ ಇದೆಯೋ ಏನೋ ಈ ಮಹಾರಾಯರಿಗೆ' ಅಂದಳು."

ತಂಗಿ ಅವರತ್ತ ತಿರುಗಿದಳು. "ನಿಮಗೆ ಹೇಗೆ ಗೊತ್ತು ಭಾವ? ನೀವು ನಿದ್ದೇಲಿದ್ರಲ್ಲ?"

"ಎಲ್ಲಿ ನಿದ್ದೆ? ಕಣ್ಣು ಬಿಟ್ರೆ ಮಾತು ನಿಲ್ಲಿಸಿಬಿಡ್ತಾಳೆ ಅಂತ ಮುಚ್ಚಿಕೊಂಡಿದ್ದೆ."

"ಅಯ್ಯೋ! ಎಂಥ ಕಳ್ಳರು ನೀವು! ಅಕ್ಕನಿಗೆ ಗೊತ್ತಿತ್ತಾ?"

"ಹೇಳಲಿಲ್ಲ ನಾನು."

"ಆಮೇಲೆ? ಆಮೇಲೆ ಏನಂದ್ರು?" ಔಷಧಿ ಅಂಗಡಿಯವರು ಕುರ್ಚಿಯ ತುದಿಗೆ ಬಂದಿದ್ದರು.

ಗೋಡೆಯ ಮೇಲೆ ಪರದೆ ಮತ್ತೆ ಹಾರಿತು. ಅದು ಇಳಿಯುವ ತನಕ ಕಾದು, ಸರಿಯಾದ ಹೊತ್ತಿಗೆ, ಡ್ರೈವರ್ ಮೆಲ್ಲಗೆ ತುಟಿ ಅಲುಗಿಸತೊಡಗಿದರು. ಸದ್ದು ಬರಲಿಲ್ಲ. ಒಮ್ಮೆ ಹುಬ್ಬೇರಿಸಿದರು, ಒಮ್ಮೆ ಹುಸಿಮುನಿಸಿನಿಂದ ಕತ್ತು ಕೊಂಕಿಸಿದರು, ಥೇಟ್ ಅವಳಂತೆಯೇ. ಎಲ್ಲರೂ ಗೋಡೆಯನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು. ಗೋಡೆಯ ಮೇಲಿನ ಮನುಷ್ಯ ಮಾತ್ರ ಕಣ್ಣು ಮುಚ್ಚಿಕೊಂಡು, ಕಿವಿಯನ್ನು ಕೊಂಚ ಈ ಕಡೆ ವಾಲಿಸಿ, ಕೇಳುತ್ತಲೇ ಇದ್ದ.