ಮೊದಲ ಫೋನಿನ ನಿಯಮ

ಕಲ್ವರ್ ಸಿಟಿಯ ಆ ಬಾಡಿಗೆ ಹಾಲಿನಲ್ಲಿ ಕುರ್ಚಿಗಳನ್ನು ಯಾವಾಗಲೂ ದುಂಡಗೆ ಹಾಕುತ್ತಿದ್ದರು. ಯಾರೂ ಮುಂದೆ, ಯಾರೂ ಹಿಂದೆ ಆಗಬಾರದೆಂದು. 2024ರ ಜೂನ್ ತಿಂಗಳ ಆ ಭಾನುವಾರ ಹನ್ನೊಂದು ಕುರ್ಚಿಗಳಿದ್ದವು. ಹಾಕದೆ ಬಿಟ್ಟ ಹನ್ನೆರಡನೆಯದು ಗುಂಪಿನ ಹಿರಿಯಳಾದ ಟೋವಾಳದು. ಅಂದಿನ ವಿಷಯ ಟೋವಾಳೇ ಆಗಿದ್ದರಿಂದ ಆಕೆ ಬರುವುದು ಬೇಡವೆಂದು ಮೊದಲೇ ಇಮೇಲ್ ಹೋಗಿತ್ತು.

ಅದು ತಂದೆತಾಯಂದಿರ ಗುಂಪು. ಮಗ ಗೇ ಎಂದೋ, ಮಗಳು ಇನ್ನು ಮಗಳಲ್ಲವೆಂದೋ ಗೊತ್ತಾದ ದಿನ ಯಾರ ಹತ್ತಿರ ಹೇಳಿಕೊಳ್ಳಬೇಕೆಂದು ತಿಳಿಯದವರು ಅಲ್ಲಿಗೆ ಬರುತ್ತಿದ್ದರು. ತೀರ್ಮಾನಗಳಿಗೆ ಹೆಬ್ಬೆರಳು ತೋರಿಸಬೇಕು. ಮೇಲಕ್ಕಿದ್ದರೆ ಒಪ್ಪಿಗೆ. ಪಕ್ಕಕ್ಕೆ ಮಲಗಿಸಿದರೆ, ನನಗೆ ಮನಸ್ಸಿಲ್ಲ, ಆದರೆ ತಡೆಯುವುದಿಲ್ಲ ಎಂದು. ಒಬ್ಬರದೇ ಒಬ್ಬರ ಹೆಬ್ಬೆರಳು ಕೆಳಗಾದರೂ ತೀರ್ಮಾನ ನಿಂತುಬಿಡುತ್ತದೆ. ಕೆಳಗಾದ ಹೆಬ್ಬೆರಳನ್ನು, ಗುಂಪಿಗೆ ಸೇರಿ ಮೂರು ವರ್ಷವಾಗಿದ್ದ ಅರುಂಧತಿ ಒಮ್ಮೆಯೂ ನೋಡಿರಲಿಲ್ಲ. ದೊಡ್ಡ ವಿಷಯವಾದರೆ ಎರಡು ಸಭೆಗಳಲ್ಲಿ ಕೇಳಬೇಕೆಂಬ ಪದ್ಧತಿಯೂ ಇತ್ತು. ಇದು ಮೊದಲ ಸಭೆ.

ಮಾತಾಡುತ್ತಿದ್ದವಳು ನಿಕಿತಾ. ಇಪ್ಪತ್ತೊಂಬತ್ತರ ಹುಡುಗಿ, ಡೈಮಂಡ್ ಬಾರ್ ಎಂಬ ಊರಿನಲ್ಲಿ ಹುಟ್ಟಿ ಬೆಳೆದವಳು, ಬೆಂಗಳೂರಿನವರ ಮಗಳು, ಗುಂಪಿನ ಕೆಲಸಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು. ಅವಳು ಒಬ್ಬ ಹುಡುಗಿಯನ್ನು ಪ್ರೀತಿಸುತ್ತಾಳೆಂದು ತಿಳಿದ ಮೇಲೆ ಅವಳ ಅಪ್ಪ ಅವಳ ಫೋನು ಎತ್ತುವುದನ್ನು ಬಿಟ್ಟಿದ್ದರು.

ವಿಷಯ ಇಷ್ಟು. ಜುಲೈ ತಿಂಗಳಲ್ಲಿ, ಇಂಥ ಮಕ್ಕಳ ವಾರ್ಷಿಕ ಹಬ್ಬಕ್ಕೆ, ಸ್ಯಾನ್ ಡಿಯೇಗೋದ ಪಾರ್ಕಿನಲ್ಲಿ ಹಲವು ಸಂಘಗಳು ಸೇರಿ ಒಂದು ಟೆಂಟು ಹಾಕುತ್ತಿದ್ದವು. ಅಲ್ಲಿ ಈ ಗುಂಪೂ ಒಂದು ಟೇಬಲ್ಲು ಹಾಕಿ, ಬಂದವರಿಗೆ ಫೋನು ನಂಬರಿನ ಕಾರ್ಡು ಹಂಚುತ್ತಿತ್ತು. ಗಾಜಾದ ಯುದ್ಧ ನಿಲ್ಲಬೇಕೆಂಬ ಅವುಗಳ ಹೇಳಿಕೆಗೆ ಈ ಗುಂಪೂ ಏಪ್ರಿಲ್‌ನಲ್ಲೇ ಸಹಿ ಹಾಕಿತ್ತು. ಅಂದು ಟೋವಾಳ ಹೆಬ್ಬೆರಳೂ ಮೇಲಕ್ಕೇ ಇತ್ತು. ಈಗ ಆ ಸಂಘಗಳ ಯಾರೋ ಹಳೆಯ ಫೋಟೋ ಒಂದನ್ನು ಹುಡುಕಿ ತೆಗೆದಿದ್ದರು. ಗಾಜಾದ ಮೇಲೆ ಯುದ್ಧ ಹೂಡಿದ ದೇಶದ ಹೈಫಾ ಊರಿನಲ್ಲಿ, ತಂಗಿಯ ಮೊಮ್ಮಕ್ಕಳ ನಡುವೆ ನಿಂತ ಟೋವಾ. ಆಕೆ ತನ್ನ ನಿಲುವೇನೆಂದು ಬೇರೆಯಾಗಿ ಬರೆದುಕೊಡಬೇಕು ಎಂದರು. ಟೋವಾ ಒಪ್ಪಲಿಲ್ಲ.

"ಒಂದು ಪ್ಯಾರಾ ಅಷ್ಟೇ ಕೇಳಿದ್ದು," ಎಂದಳು ನಿಕಿತಾ. "ಅದನ್ನೂ ಬರೆಯಲ್ಲ ಅಂದ್ರೆ ಅಲ್ಲಿಗೆ ಬರೋ ಮಕ್ಕಳಿಗೆ ನಾವು ಏನು ಹೇಳೋದು? ಸದ್ಯಕ್ಕೆ ಅವರು ಟೇಬಲ್‌ಗೆ ಬರೋದು ಬೇಡ. ಕಾರ್ಡಿನಲ್ಲಿ ಅವರ ನಂಬರೂ ಬೇಡ."

ಹೆಬ್ಬೆರಳುಗಳು ಎದ್ದವು. ಅರುಂಧತಿ ಸುತ್ತ ನೋಡಿದಳು. ಅವಳ ಅಭ್ಯಾಸವೇ ಅದು, ಬೇರೆಯವರದನ್ನು ನೋಡಿ ತನ್ನದನ್ನು ಎತ್ತುವುದು. ಹತ್ತೂ ಮೇಲಿದ್ದವು. ಅವಳು ತನ್ನದನ್ನು ಪಕ್ಕಕ್ಕೆ ಮಲಗಿಸಿದಳು.

ವಾಪಸು ಬರುವಾಗ ಕಾರಿನಲ್ಲಿ ಗುಂಪಿನವರೇ ಆದ ಸಿದ್ಧಲಿಂಗೇಶ ಇದ್ದರು. ಧಾರವಾಡದವರು, ವಾಲ್‌ನಟ್ ಊರಿನಲ್ಲಿ ಅವಳ ಮನೆಯಿಂದ ಎರಡು ರಸ್ತೆ ಆಚೆ ಇದ್ದರು.

"ಒಂದ್ ಪ್ಯಾರಾ ಬರದು ಕೊಟ್ಟಿದ್ರ ಮುಗೀತಿತ್ತಲ್ರೀ," ಎಂದರು. "ಮುದುಕಿಗೆ ಹಟ ಭಾಳ."

"ನಮ್ಮನ್ನ ಯಾಕೆ ಯಾರೂ ಏನೂ ಬರೆದುಕೊಡಿ ಅಂತ ಕೇಳಲಿಲ್ಲ?"

"ನಮ್ಮನ್ಯಾಕ ಕೇಳ್ತಾರ? ನಾವೇನ್ ಮಾಡೀವಿ?"

"ಅವರೇನು ಮಾಡಿದಾರೆ?"

ಸಿದ್ಧಲಿಂಗೇಶ ಮುಂದಿನ ಬೋರ್ಡಿಗೆ ಕೈ ತೋರಿಸಿದರು. "ಎಕ್ಸಿಟ್ ಬಂತು ನೋಡ್ರಿ," ಎಂದರು.

ಎರಡು ದಿನ ಬಿಟ್ಟು ನಿಕಿತಾ ಫೋನು ಮಾಡಿದಳು. ಹಳೆಯ ಕಾರ್ಡು ನೋಡಿ ಕರೆ ಮಾಡುವವರಿಗಾಗಿ ಗುಂಪಿನ 'ಮೊದಲ ಫೋನು' ಇನ್ನು ಅರುಂಧತಿಯ ಹತ್ತಿರ ಇರಬೇಕು, ಅದನ್ನು ಟೋವಾಳ ಮನೆಯಿಂದ ಅವಳೇ ತರಬೇಕು ಎಂದಳು. "ನಿಮ್ಮ ಮೇಲೆ ಅವರಿಗೆ ತುಂಬ ಪ್ರೀತಿ ಆಂಟಿ. ನೀವು ಹೋದ್ರೆ ಬೇಜಾರು ಮಾಡ್ಕೊಳ್ಳಲ್ಲ."

ಮೊದಲ ಫೋನು ಎಂದರೆ ಬಟನ್ನುಗಳಿರುವ ಒಂದು ಹಳೆಯ ಮೊಬೈಲು. ಹೊಸಬರು ಮೊದಲ ಸಲ ಕರೆ ಮಾಡುವ ನಂಬರು ಅದು. ಮೂರು ವರ್ಷದ ಹಿಂದೆ ಅರುಂಧತಿಯೂ ಆ ನಂಬರಿಗೆ ಕರೆ ಮಾಡಿದ್ದಳು, ಆರ್ಟೀಸಿಯಾದಲ್ಲಿ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿಕೊಂಡು, ಹಿಂದಿನ ಸೀಟಿನಲ್ಲಿ ಕರಿಬೇವು ಬಾಡುತ್ತಿರುವಾಗ. ಹದಿನೇಳು ವರ್ಷ ಮಗಳೆಂದು ಬೆಳೆಸಿದ ಮಗು ಹಿಂದಿನ ದಿನ ತಾನು ಮಗಳಲ್ಲವೆಂದಿತ್ತು. ಗಂಡ ಬಾಲಕೃಷ್ಣ ಊಟ ಬಿಟ್ಟು ಗ್ಯಾರೇಜಿನಲ್ಲಿ ಕೂತಿದ್ದ. ಆ ಕಡೆಯ ದನಿ, ಯಾರು, ಎಲ್ಲಿಯವರು, ಏನಾಯಿತು ಎಂದು ಒಂದನ್ನೂ ಕೇಳಲಿಲ್ಲ. ತನ್ನ ಮನೆಯ ಡಿಶ್‌ವಾಷರ್ ಸೋರುತ್ತಿದೆ ಎಂದು ಹೇಳಿತು. ರಿಪೇರಿಯವನು ಮೂರು ಸಲ ಬಂದುಹೋದ ಎಂದಿತು. ಅರುಂಧತಿಯ ಅಳು ನಿಲ್ಲುವವರೆಗೂ ಆ ಡಿಶ್‌ವಾಷರ್‌ನ ಕಥೆ ಮುಗಿಯಲಿಲ್ಲ. ಆಮೇಲೆ ಅವಳೇ ಹೇಳಿದಳು, ಎಲ್ಲವನ್ನೂ.

"ಫೋನು ಮಾಡುವವರು ಅಷ್ಟು ಹೊತ್ತಿಗೆ ಸಾಕಷ್ಟು ಪ್ರಶ್ನೆಗಳನ್ನು ಕೇಳಿಸಿಕೊಂಡು ಬಂದಿರುತ್ತಾರೆ," ಎಂದು ಆ ದನಿಯ ಒಡತಿ ಟೋವಾ ಮುಂದೊಂದು ದಿನ ಹೇಳಿದ್ದಳು. "ನಾವು ಕೇಳಬಾರದು. ಮೊದಲ ಫೋನಿಗೆ ಅದೊಂದೇ ನಿಯಮ."

ಟೋವಾಳಿಗೆ ಎಪ್ಪತ್ತೆರಡು. ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಂಡಿದ್ದವಳು. ಅರುಂಧತಿ ಮನೆಗೆ ಹೋದಾಗ ಬಾಗಿಲು ತೆಗೆದವಳೇ ಅವಳ ಮುಖ ನೋಡಿ, ಒಳಗೆ ಹೋಗಿ, ಫೋನು, ಚಾರ್ಜರು ತಂದು ಮೇಜಿನ ಮೇಲಿಟ್ಟಳು.

"ನಂಬರು ನನ್ನ ಹೆಸರಿನಲ್ಲೇ ಇದೆ. ಬಿಲ್ಲು ನಾನೇ ಕಟ್ಟುತ್ತೇನೆ. ಜುಲೈನಲ್ಲಿ ಕರೆಗಳು ಜಾಸ್ತಿ, ರಾತ್ರಿ ಚಾರ್ಜಿಗೆ ಹಾಕೋದು ಮರೀಬೇಡ." ಆಮೇಲೆ ಕೇಳಿದಳು, "ನಿನ್ನ ಹೆಬ್ಬೆರಳು ಹೇಗಿತ್ತು?"

"ಪಕ್ಕಕ್ಕೆ."

ಟೋವಾ ತಲೆಯಾಡಿಸಿದಳು. ಕೋಪ ಕಾಣಲಿಲ್ಲ. ಅದೇ ಅರುಂಧತಿಗೆ ಕಷ್ಟವಾಯಿತು.

"ಒಂದು ಪ್ಯಾರಾ," ಎಂದಳು ಅರುಂಧತಿ. "ನೀವು ಏನು ಯೋಚಿಸ್ತೀರಿ ಅಂತ ನನಗೆ ಗೊತ್ತು. ಅದನ್ನೇ ಬರೆದುಬಿಡಿ."

"ಯುದ್ಧ ನಿಲ್ಲಲಿ ಅಂತ ನವೆಂಬರ್‌ನಲ್ಲೇ ಬರೆದೆ, ನಮ್ಮ ಪ್ರಾರ್ಥನೆಯ ಮನೆ ಸಿನಗಾಗಿನಲ್ಲಿ ಓದಿದೆ. ನಲವತ್ತು ವರ್ಷದಿಂದ ಗೆಳತಿಯರಾಗಿದ್ದ ಇಬ್ಬರು ಈಗ ನನ್ನ ಜೊತೆ ಮಾತಾಡಲ್ಲ. ನನ್ನ ತಂಗಿಯೂ ಸರಿಯಾಗಿ ಮಾತಾಡಲ್ಲ. ಬರೆಯೋಕೆ ನನಗೆ ಭಯ ಇಲ್ಲ. ಹನ್ನೆರಡು ಜನರನ್ನೂ ಕೇಳಲಿ, ಮೊದಲು ನಾನೇ ಕೊಡ್ತೀನಿ. ಯಹೂದಿ ಅಂತ ನನ್ನೊಬ್ಬಳನ್ನ ಬಾಗಿಲಲ್ಲಿ ನಿಲ್ಲಿಸಿ ಕೇಳಿದರೆ ಕೊಡಲ್ಲ."

ಬಾಗಿಲು ಎಂದ ಕೂಡಲೇ ಅರುಂಧತಿಗೆ ಮೈಸೂರಿನ ಸರಸ್ವತಿಪುರಂ ಮನೆ ಕಣ್ಣಿಗೆ ಬಂತು. ಮಹಡಿ ಬಾಡಿಗೆಗಿತ್ತು. ಕೇಳಿಕೊಂಡು ಬಂದವರನ್ನು ಅಪ್ಪ, ಎಲ್ಲಿ ಕೆಲಸ ಎಂದಷ್ಟೇ ಕೇಳುತ್ತಿದ್ದರು. ಒಂದು ದಿನ ಕಾಲೇಜಿನ ಮೇಷ್ಟರೊಬ್ಬರು ಬಂದರು. ಅವರ ಹೆಸರು ಅಪ್ಪನಿಗೆ ಯಾವ ಲೆಕ್ಕಕ್ಕೂ ಸಿಗಲಿಲ್ಲ. "ನಿಮ್ಮದು ಯಾವ ಪೈಕಿ?" ಎಂದರು, ಬಹಳ ಮೃದುವಾಗಿ. ಮೇಷ್ಟರು, "ಬರ್ತೀನಿ ಸಾರ್," ಎಂದು ಹೊರಟೇಹೋದರು. ಅವರಿಗೆಂದು ನೀರಿನ ಲೋಟ ತಂದಿದ್ದ ಅರುಂಧತಿ ಹೊಸ್ತಿಲಲ್ಲೇ ನಿಂತಿದ್ದಳು. ಆಗ ಅವಳಿಗೆ ಹತ್ತೊಂಬತ್ತು. ಅಪ್ಪ ಕೆಟ್ಟವರಾಗಿರಲಿಲ್ಲ, ಅದಕ್ಕೇ ಏನನ್ನಬೇಕೋ ತಿಳಿಯಲಿಲ್ಲ.

ಫೋನನ್ನು ಕೈಚೀಲಕ್ಕೆ ಹಾಕಿಕೊಂಡು ಅವಳು ಹೊರಟಳು.

ಮುಂದಿನ ಮೂರು ವಾರ ಅವಳು ಅಳುಕಿದ್ದು ತನಗಾಗಿ ಅಲ್ಲ. ಅವಳ ಆ ಮಗು, ಈಗ ಮಗ ಅಮೋಘ, ಸ್ಯಾನ್ ಡಿಯೇಗೋದಲ್ಲಿ ಓದುತ್ತಿದ್ದ. ಆ ಹೆಸರನ್ನು ಅವನೇ ಆರಿಸಿಕೊಂಡಿದ್ದ, ಅವಳು ಅದನ್ನು ಬಾಯಿಗೆ ರೂಢಿ ಮಾಡಿಕೊಂಡಿದ್ದಳು. ಶಾಲೆಯಲ್ಲಿ ಒಬ್ಬ ಗೆಳೆಯನೂ ಇಲ್ಲದ ಹುಡುಗನಿಗೆ ಅಲ್ಲಿ ಆರು ಜನ ಗೆಳೆಯರಾಗಿದ್ದರು. ಫೋನಿನಲ್ಲಿ ಅವನ ನಗು ಕೇಳಿಸುತ್ತಿತ್ತು. ಟೆಂಟು ಹಾಕುವವರಲ್ಲಿ ಆ ಆರು ಜನವೂ ಇದ್ದರು.

"ಮುಂದಿನ ಸಭೆಯಲ್ಲಿ ನಾನು ತಡೆದರೆ ನಿನಗೆ ಏನಾಗುತ್ತೆ?" ಎಂದು ಅವಳು ಒಂದು ಸಂಜೆ ಕೇಳಿದಳು.

ಅಮೋಘ ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರಿಸಿದ. "ನೀನು ಯಾರ ಅಮ್ಮ ಅಂತ ಎಲ್ಲರಿಗೂ ಗೊತ್ತಿದೆ ಅಮ್ಮ." ಆಮೇಲೆ, "ನನ್ನ ಗೆಳೆಯರು ಹೇಳೋದು ಪೂರ್ತಿ ತಪ್ಪು ಅಂತ ನನಗೆ ಅನಿಸಲ್ಲ," ಎಂದ. ಕೊನೆಗೆ, "ಟೋವಾ ಹೇಗಿದ್ದಾರೆ?" ಎಂದ.

ಎರಡನೆಯ ಸಭೆ ನಡೆದದ್ದು ಸ್ಯಾನ್ ಡಿಯೇಗೋದ ಅದೇ ಬಾಲ್ಬೋವಾ ಪಾರ್ಕಿನ ಹುಲ್ಲಿನ ಮೇಲೆ, ಶನಿವಾರ ಬೆಳಿಗ್ಗೆ, ಟೇಬಲ್ಲು ಬಿಡಿಸುವ ಮುಂಚೆ. ನಿಮಿಷಕ್ಕೊಂದು ವಿಮಾನ ಮರಗಳ ಮೇಲೇ ಇಳಿದುಹೋಗುತ್ತಿತ್ತು, ಪ್ರತಿಸಲವೂ ಮಾತು ನಿಲ್ಲಿಸಿ ಕಾಯಬೇಕಿತ್ತು. ಹೊಸ ಕಾರ್ಡುಗಳ ಕಟ್ಟು ನಿಕಿತಾಳ ಮಡಿಲಲ್ಲಿತ್ತು. ಅದರಲ್ಲಿ ಟೋವಾಳ ಹೆಸರಿನ ಮೊದಲ ಫೋನಿನ ನಂಬರು ಇರಲಿಲ್ಲ, ಅರುಂಧತಿಯ ಸ್ವಂತ ನಂಬರಿತ್ತು. ಆಚೆ ಟೆಂಟಿನ ಹತ್ತಿರ ಅಮೋಘ ಗೆಳೆಯರ ಜೊತೆ ಹಗ್ಗ ಬಿಗಿಯುತ್ತಿದ್ದ.

"ಫಾರ್ಮಾಲಿಟಿ ಅಷ್ಟೇ," ಎಂದಳು ನಿಕಿತಾ. "ಹೆಬ್ಬೆರಳು."

ಈ ಸಲ ಅರುಂಧತಿ ಬೇರೆಯವರ ಕೈ ನೋಡಲಿಲ್ಲ. ತನ್ನ ಕೈಯನ್ನೇ ನೋಡುತ್ತ ಹೆಬ್ಬೆರಳನ್ನು ಕೆಳಕ್ಕೆ ತಿರುಗಿಸಿದಳು. ಕೈಯನ್ನು ಮೊಣಕಾಲಿನ ಮೇಲೆ ಊರಿಕೊಂಡಳು.

ಒಂದು ವಿಮಾನ ಹೋಯಿತು.

"ಆಂಟಿ," ಎಂದಳು ನಿಕಿತಾ ಮೆಲ್ಲಗೆ, ಅವಳಿಗೆ ಮಾತ್ರ ಎಂಬಂತೆ ಕನ್ನಡದಲ್ಲಿ. "ಅಲ್ಲಿ ಮಕ್ಕಳು ಸಾಯ್ತಾ ಇದಾರೆ."

"ಗೊತ್ತಮ್ಮ. ನಾನೂ ಸಹಿ ಹಾಕಿದೀನಿ. ಟೋವಾ ಅವರೂ ಒಪ್ಪಿದ್ರು."

"ತಡೀಬೇಕು ಅಂದ್ರೆ ಕಾರಣ ಹೇಳ್ಬೇಕು. ಫ್ರೆಂಡ್‌ಶಿಪ್ ಕಾರಣ ಆಗಲ್ಲ."

ಅರುಂಧತಿ ಮೂರು ವಾರದಿಂದ ಒಂದು ದೊಡ್ಡ ಮಾತನ್ನು ಹೊಂದಿಸಿಟ್ಟುಕೊಂಡಿದ್ದಳು. ಈಗ ಅದು ನೆನಪಾಗಲಿಲ್ಲ. ಎಲ್ಲರಿಗೂ ಕೇಳಲಿ ಎಂದು ಇಂಗ್ಲಿಷಿನಲ್ಲಿ ಇಷ್ಟು ಹೇಳಿದಳು: "ನಾವೆಲ್ಲ ಮೊದಲು ಫೋನು ಮಾಡಿದಾಗ ನಮ್ಮನ್ನ ಯಾರೂ ಏನೂ ಕೇಳಲಿಲ್ಲ. ಕೇಳದೇ ಇದ್ದವರನ್ನೇ ನಾವು ಕೇಳಿದ್ವಿ. ಅವರೊಬ್ಬರನ್ನೇ."

ಸಿದ್ಧಲಿಂಗೇಶರ ಹೆಬ್ಬೆರಳು ನಿಧಾನವಾಗಿ ಮೇಲಿಂದ ಪಕ್ಕಕ್ಕೆ ಬಂತು. ಅಲ್ಲಿಂದ ಮುಂದೆ ಹೋಗಲಿಲ್ಲ.

ಗುಂಪಿನ ಉಳಿದವರು ಮರದ ಕೆಳಗೆ ಹೋಗಿ ಚರ್ಚಿಸಿ ಬಂದರು. ಈ ತಡೆ ಗುಂಪಿನ ಮೌಲ್ಯಗಳಿಗೆ ಹೊಂದುವುದಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ ಎಂದು ತೀರ್ಮಾನವಾಗಿತ್ತು. ಅದನ್ನು ಹೇಳುವಾಗ ನಿಕಿತಾಳ ಕಣ್ಣು ಕೆಂಪಾಗಿತ್ತು. ಅರುಂಧತಿ ಕಾರ್ಡುಗಳಿಂದ ತನ್ನ ನಂಬರನ್ನೂ ಹೊಡೆದುಹಾಕಲು ಹೇಳಿದಳು. ನಿಕಿತಾ ಫೋನಿಗಾಗಿ ಕೈ ನೀಡಿದಾಗ, "ಇದು ಟೋವಾ ಅವರ ಹೆಸರಲ್ಲಿದೆ, ಅವರಿಗೇ ಕೊಡ್ತೀನಿ," ಎಂದಳು. ಆಮೇಲೆ, ಏನು ಮಾಡಬೇಕೋ ತೋಚದೆ, ಆ ಹುಡುಗಿಯ ನೀಡಿದ ಕೈಯನ್ನು ಒಂದು ಕ್ಷಣ ಹಿಡಿದುಕೊಂಡಳು. ನಿಕಿತಾ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಪಾರ್ಕಿಂಗಿನಲ್ಲಿ ಕಾರಿನ ಪಕ್ಕ ಅಮೋಘ ನಿಂತಿದ್ದ, ಬ್ಯಾಗು ಹೆಗಲಿಗಿತ್ತು.

"ನನ್ನನ್ನ ಗೆಳೆಯರ ಗ್ರೂಪ್ ಚಾಟ್‌ನಿಂದ ತೆಗೆದರು," ಎಂದ.

ಅವಳ ಕೈಯಿಂದ ಕೀ ಬಿತ್ತು. ಅವನೇ ಎತ್ತಿಕೊಟ್ಟ. ಓಷನ್‌ಸೈಡ್ ಊರು ದಾಟಿತು. ಎಡಗಡೆ ಸಮುದ್ರ ಬಂತು, ಹೋಯಿತು.

"ನಿನ್ನ ಮೇಲೆ ಕೋಪ ಇದೆ," ಎಂದ. "ನೀನು ಮಾಡಿದ್ದು ಸರಿಯೋ ಅಲ್ಲವೋ ನನಗೆ ಗೊತ್ತಿಲ್ಲ."

"ನನಗೂ ಪೂರ್ತಿ ಗೊತ್ತಿಲ್ಲ ಕಂದ."

"ಆ ಆರು ಜನರಲ್ಲಿ ಮಾಯಾ ಮಾತ್ರ ಬೇರೆಯಾಗಿ ಮೆಸೇಜ್ ಕಳಿಸಿದಾಳೆ. ಊಟ ಆಯ್ತಾ ಅಂತ."

"ಆಯ್ತಾ?"

"ಇಲ್ಲ."

ಕಲ್ವರ್ ಸಿಟಿ ತಲುಪುವ ಹೊತ್ತಿಗೆ ಮೂರು ಗಂಟೆ. ಟೋವಾ ಬಾಗಿಲು ತೆಗೆದಳು. ಅರುಂಧತಿ ಫೋನು ಮುಂದಿಟ್ಟಳು. ಟೋವಾ ಧನ್ಯವಾದ ಹೇಳಲಿಲ್ಲ. ಹಳೆಯ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ರಾತ್ರಿ ಚಾರ್ಜಿಗೆ ಹಾಕು ಅಂದಿದ್ದೆ," ಎಂದಳು.

ಆಮೇಲೆ ಅರುಂಧತಿಯ ಹಿಂದೆ ನಿಂತಿದ್ದ ಹುಡುಗನ ಊದಿದ ಕಣ್ಣು, ಹೆಗಲಿನ ಬ್ಯಾಗು ಕಂಡಳು. ಯಾಕೆ ಬಂದೆ ಎನ್ನಲಿಲ್ಲ, ಏನಾಯಿತು ಎನ್ನಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಒಳಗೆ ನಡೆಯುತ್ತ ಹೇಳಿದಳು:

"ಡಿಶ್‌ವಾಷರ್ ಮತ್ತೆ ಸೋರುತ್ತಿದೆ. ಬಗ್ಗಿ ನೋಡೋಕೆ ನನ್ನ ಮಂಡಿಗೆ ಆಗಲ್ಲ. ಟಾರ್ಚು ಆ ಡ್ರಾಯರ್‌ನಲ್ಲಿದೆ."

ಅಮೋಘ ಅಮ್ಮನ ಮುಖ ನೋಡಿದ. ಬ್ಯಾಗನ್ನು ಗೋಡೆಗೊರಗಿಸಿಟ್ಟು ಡ್ರಾಯರ್ ಎಳೆದ.